ಊರ ಅಂಚಿನ ಕತ್ತಲು: ದೆವ್ವದ ಸುದ್ದಿ, ಚಿರತೆಯ ಸುದ್ದಿ

2021ರ ಸೆಪ್ಟೆಂಬರ್ ತಿಂಗಳಲ್ಲಿ ಹುಬ್ಬಳ್ಳಿಯ ನೃಪತುಂಗ ಬೆಟ್ಟ ಬೆಳಗಿನ ಹೊತ್ತು ಬಿಕೋ ಎನ್ನತೊಡಗಿತು. ದಿನವೂ ಮಫ್ಲರ್ ಸುತ್ತಿಕೊಂಡು ಬೆಟ್ಟ ಹತ್ತುತ್ತಿದ್ದ ಹಿರಿಯರು ಮನೆಯ ಮುಂದಿನ ಓಣಿಯಲ್ಲೇ ನಾಲ್ಕು ಸುತ್ತು ಹೊಡೆದು ಚಹಾಕ್ಕೆ ಕುಳಿತರು. ಬೆಟ್ಟದಲ್ಲಿ ಚಿರತೆ ಇದೆ ಎಂಬ ಸುದ್ದಿ. ಮೊದಮೊದಲು ಅನೇಕರು ನಕ್ಕರು. ರಾಜನಗರದ ಮನೆಗಳ ಹಿಂದೆ, ಕೇಂದ್ರೀಯ ವಿದ್ಯಾಲಯದ ಮಗ್ಗುಲಲ್ಲಿ ಚಿರತೆಯೇ? ನಾಯಿ ಕಂಡಿರಬೇಕು ಎಂದರು. ಆಮೇಲೆ ಅರಣ್ಯ ಇಲಾಖೆಯವರು ಬೋನು ತಂದಿಟ್ಟರು, ಕ್ಯಾಮೆರಾ ಕಟ್ಟಿದರು, ಸುತ್ತಲಿನ ಶಾಲೆಗಳಿಗೆ ರಜೆ ಸಿಕ್ಕಿತು. ನಗು ನಿಂತಿತು. ಅದೇ ತಿಂಗಳು ಧಾರವಾಡ ತಾಲ್ಲೂಕಿನ ಕವಲಗೇರಿಯಲ್ಲಿ ಒಂದು ಚಿರತೆ ಬೋನಿಗೆ ಬಿತ್ತು. ಬೆಟ್ಟದ್ದೇ ಅಲ್ಲಿಗೆ ಹೋಯಿತೋ, ಅದು ಬೇರೆ ಇದು ಬೇರೆಯೋ ಎಂಬ ವಾದ ಚಹಾದಂಗಡಿಗಳಲ್ಲಿ ದೀಪಾವಳಿಯವರೆಗೂ ನಡೆಯಿತು.

ಆ ವಾರ ನಮ್ಮ ಬಡಾವಣೆಯಲ್ಲೂ ಚಿರತೆ ಐದು ಕಡೆ ಕಂಡಿತು. ಒಂದು ಕಡೆ ಅದು ಕಂದು ಬಣ್ಣದ ಬೀದಿನಾಯಿ. ಇನ್ನೊಂದು ಕಡೆ ಅರ್ಧ ಕಟ್ಟಿದ ಮನೆಯ ಮುಂದೆ ಬಿದ್ದಿದ್ದ ಸಿಮೆಂಟ್ ಚೀಲ. ಮೂರನೆಯ ಕಡೆ ಏನೂ ಇರಲಿಲ್ಲ, ನೋಡಿದವರು ಮಾತ್ರ ಇದ್ದರು. ಉಳಿದೆರಡರ ಬೆನ್ನು ಹತ್ತಿ ಹೋದರೆ ‘ನಮ್ಮ ಷಡ್ಡಕರ ಗೆಳೆಯರೊಬ್ಬರು’ ಎಂಬಲ್ಲಿಗೆ ದಾರಿ ಮುಗಿಯುತ್ತಿತ್ತು. ಊರಿಗೆ ಚಿರತೆ ಬಂದದ್ದು ನಿಜ. ಕಂಡೆವು ಎಂದವರಲ್ಲಿ ಬಹಳ ಜನ ಕಂಡದ್ದು ಚಿರತೆಯಲ್ಲ ಎಂಬುದೂ ನಿಜ. ಎರಡನ್ನೂ ಒಂದೇ ಕೈಯಲ್ಲಿ ಹಿಡಿಯುವುದು ನಮಗೆ ಒಗ್ಗುವುದಿಲ್ಲ. ‘ನಿಜವೋ ಸುಳ್ಳೋ, ಒಂದು ಹೇಳಿ’ ಎನ್ನುತ್ತೇವೆ. ದೆವ್ವದ ಸುದ್ದಿ ಬಂದಾಗಲೂ ಇದೇ ಪ್ರಶ್ನೆ. ನಂಬುವವರು ತಾಯತ ಕಟ್ಟಿಸುತ್ತಾರೆ, ನಂಬದವರು ನಕ್ಕು ಮುಂದೆ ಹೋಗುತ್ತಾರೆ. ಇಬ್ಬರೂ ಸುದ್ದಿಯನ್ನು ಪೂರ್ತಿ ಕೇಳಿಸಿಕೊಳ್ಳುವುದಿಲ್ಲ.

ದೆವ್ವ ಕಂಡಿತು, ವಿಚಿತ್ರ ಪ್ರಾಣಿ ಕಂಡಿತು ಎನ್ನುವ ಮಾತಿನಲ್ಲಿ ದೆವ್ವಕ್ಕಿಂತಲೂ ಪ್ರಾಣಿಗಿಂತಲೂ ಗಟ್ಟಿಯಾದದ್ದು ಜಾಗ ಮತ್ತು ಹೊತ್ತು ಎಂಬುದು ನನ್ನ ಎಣಿಕೆ. ಎಲ್ಲಿ, ಎಷ್ಟು ಗಂಟೆಗೆ, ಯಾವ ಕೆಲಸಕ್ಕೆ ಹೊರಟವರಿಗೆ ಕಂಡಿತು ಎಂದು ಕೇಳಿ ನೋಡಿ. ಹುಬ್ಬಳ್ಳಿ-ಧಾರವಾಡದ, ಗದಗದ, ಹಾವೇರಿಯ ಬದುಕಿನ ಬಗ್ಗೆ ಯಾವ ಕಚೇರಿಯ ಕಡತದಲ್ಲೂ ಸಿಗದ ಸಂಗತಿಗಳು ಉದುರುತ್ತವೆ.

ಬಸವಣ್ಣನವರ ಒಂದು ವಚನದಲ್ಲಿ ಅಂತರಬೆಂತರಗಳ, ಎಂದರೆ ದೆವ್ವಪಿಶಾಚಿಗಳ, ವಿಳಾಸಗಳೇ ಇವೆ: ಹಾಳು ಮೊರಡಿ, ಊರ ದಾರಿ, ಕೆರೆ, ಬಾವಿ, ನಾಲ್ಕು ದಾರಿ ಕೂಡುವ ಚೌಕ, ಹಿರಿಯ ಆಲದ ಮರ. ಅವು ಯಾರನ್ನು ಹಿಡಿಯುತ್ತವೆ ಎಂಬುದೂ ಅಲ್ಲೇ ಇದೆ: ಕರೆಯುವ ಎಮ್ಮೆ, ಹಸುಗೂಸು, ಬಸುರಿ, ಬಾಣಂತಿ, ಮದುವೆಯಾಗದ ಹುಡುಗಿ. ಇಂಥ ನೂರು ಮಡಕೆಗಳಿಗೆ ಒಂದು ದಡಿ ಸಾಲದೇ ಎಂದು ಅವರು ಕೇಳಿದರು. ಎಂಟುನೂರು ವರ್ಷಗಳ ಮೇಲಾಯಿತು. ಮಡಕೆಗಳು ಇನ್ನೂ ಅದೇ ವಿಳಾಸಗಳಲ್ಲಿವೆ. ಆ ಪಟ್ಟಿಯನ್ನು ಭಕ್ತಿ ಬದಿಗಿಟ್ಟು ಓದಿದರೆ ಅದು ಅಪಾಯದ ಪಟ್ಟಿ. ಮಕ್ಕಳು ಬಾವಿಗೆ ಬೀಳುತ್ತಿದ್ದರು, ಹಾಳು ಮಣ್ಣುಗುಡ್ಡೆಯಲ್ಲಿ ಹಾವು ಕಚ್ಚುತ್ತಿತ್ತು, ಬಾಣಂತಿಯರು ನಂಜೇರಿ ಸಾಯುತ್ತಿದ್ದರು, ಹಾಲು ಕರೆಯುತ್ತಿದ್ದ ಎಮ್ಮೆ ಒಮ್ಮೆಲೇ ಬತ್ತುತ್ತಿತ್ತು. ಕಾರಣ ತಿಳಿಯದ ಕಡೆ ಒಂದು ಹೆಸರು ಬೇಕಿತ್ತು. ‘ಗಾಳಿ ಸೋಕಿದೆ’ ಎಂದರು.

ಕೆಲವು ದೆವ್ವಗಳಿಗೆ ಇಸವಿಯೂ ಇದೆ. 1898ರಲ್ಲಿ ಹುಬ್ಬಳ್ಳಿಯನ್ನು ಪ್ಲೇಗು ಹೊಕ್ಕಿತು. ಇಲಿ ಬಿದ್ದ ಮನೆಗಳನ್ನು ಬಿಟ್ಟು ಜನ ಊರ ಹೊರಗಿನ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. ಆಗಿನ್ನೂ ಹೊಸದಾಗಿದ್ದ ಹಾಫ್‌ಕಿನ್ ಲಸಿಕೆಯನ್ನು ಇಲ್ಲಿ ಸಾವಿರಾರು ಜನರಿಗೆ ಹಾಕಲಾಯಿತು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ 1918ರ ಇನ್‌ಫ್ಲುಯೆಂಜಾ ಬಂತು. ನಮ್ಮ ಅಜ್ಜಿ ಗದಗ ಕಡೆಯ ತನ್ನ ತವರೂರಿನ ‘ಹಾಳು ಮನೆ’ಯ ಕಥೆ ಹೇಳುತ್ತಿದ್ದಳು. ಅದರಲ್ಲಿ ‘ಎಂಟು ದಿನದಲ್ಲಿ ಮನೆಮಂದಿಯೆಲ್ಲ ಹೋದರು’ ಎಂಬ ಒಂದು ಸಾಲು ಬರುತ್ತಿತ್ತು. ನಮಗೆ ಆ ಸಾಲು ಬೇಸರದ್ದು, ದೆವ್ವ ಯಾವಾಗ ಬರುತ್ತದೆ ಎಂದು ಕಾಯುತ್ತಿದ್ದೆವು. ರಾತ್ರಿ ಬೀಸುಕಲ್ಲಿನ ಸದ್ದು ಕೇಳುತ್ತದೆ ಎಂಬಲ್ಲಿಗೆ ಬಂದ ಮೇಲೆಯೇ ನಾವು ಹೊದಿಕೆ ಎಳೆದುಕೊಳ್ಳುತ್ತಿದ್ದುದು. ಈಗ ನೆನೆದರೆ ಕಥೆ ಇದ್ದದ್ದು ಆ ಬೇಸರದ ಸಾಲಿನಲ್ಲಿ. ಸತ್ತವರ ಹೆಸರು ಮರೆತ ಊರು ಬೀಸುಕಲ್ಲಿನ ಸದ್ದನ್ನು ಮಾತ್ರ ಇಟ್ಟುಕೊಂಡಿತ್ತು.

ಇನ್ನು ಕೊಳ್ಳಿದೆವ್ವ. ರಾತ್ರಿ ಹೊಲದ ಆಚೆ ಬೆಳಕೊಂದು ಕಾಣುತ್ತದೆ, ಓಡಾಡುತ್ತದೆ, ಆರುತ್ತದೆ, ಮತ್ತೊಂದು ಕಡೆ ಹೊತ್ತಿಕೊಳ್ಳುತ್ತದೆ. ವಿಜ್ಞಾನದ ಪಾಠ ಹೇಳುವವರು ಥಟ್ಟನೆ ಕೊಡುವ ಉತ್ತರ: ಜೌಗು ನೆಲದಲ್ಲಿ ಕೊಳೆತ ಎಲೆಕಡ್ಡಿಯಿಂದ ಏಳುವ ಮೀಥೇನ್, ಫಾಸ್ಫೀನ್ ಅನಿಲಗಳು ಹೊತ್ತಿಕೊಳ್ಳುತ್ತವೆ. ನವಲಗುಂದ, ನರಗುಂದ, ಗದಗದ ಎರೆಹೊಲವನ್ನು ಬೇಸಿಗೆಯಲ್ಲಿ ನೋಡಿದವರಿಗೆ ಈ ಉತ್ತರ ನಗು ತರಿಸಬೇಕು. ಅಂಗೈ ತೂರುವಷ್ಟು ಬಿರುಕು ಬಿಟ್ಟ ನೆಲದಲ್ಲಿ ಜೌಗು ಎಲ್ಲಿಂದ ಬರಬೇಕು? ಪರದೇಶದ ದೆವ್ವಕ್ಕೆ ಬರೆದ ಔಷಧಿ ಚೀಟಿಯನ್ನು ನಮ್ಮ ದೆವ್ವಕ್ಕೆ ಕೊಟ್ಟಂತಾಯಿತು.

ಹೊತ್ತು ಕೇಳಿದರೆ ಬೇರೆ ಉತ್ತರ ಸಿಗುತ್ತದೆ. ಪಂಪ್‌ಸೆಟ್‌ಗಳಿಗೆ ತ್ರೀ ಫೇಸ್ ವಿದ್ಯುತ್ ದಿನಕ್ಕೆ 7 ಗಂಟೆ ಎಂಬ ಲೆಕ್ಕ, ಅದೂ ಪಾಳಿಯಲ್ಲಿ. ಒಂದು ಪಾಳಿ ರಾತ್ರಿಗೆ ಬಿದ್ದರೆ ರೈತ ರಾತ್ರಿಯೇ ಹೊಲಕ್ಕೆ ಹೋಗಿ ಮೋಟಾರು ಚಾಲೂ ಮಾಡಬೇಕು, ಒಂದು ಸಾಲು ತುಂಬಿದ ಮೇಲೆ ಮಡೆ ಮುರಿದು ಇನ್ನೊಂದು ಸಾಲಿಗೆ ನೀರು ಬಿಡಬೇಕು. ಹಣೆಗೆ ಕಟ್ಟಿಕೊಂಡ ಬ್ಯಾಟರಿಯ ಬೆಳಕು ಗೋವಿನಜೋಳದ ದಂಟುಗಳ ಹಿಂದೆ ಹೋದಾಗ ಆರಿದಂತೆ, ಬದುವಿಗೆ ಬಂದಾಗ ಹೊತ್ತಿದಂತೆ ಕಾಣುತ್ತದೆ. ಬಗ್ಗಿದಾಗ ನೆಲಕ್ಕಿಳಿಯುತ್ತದೆ, ಎದ್ದಾಗ ಮೇಲೇರುತ್ತದೆ. ಕೊಳ್ಳಿದೆವ್ವದ ಲಕ್ಷಣಗಳೆಲ್ಲ ಇಲ್ಲಿವೆ. ಇದರ ಜೊತೆಗೆ ಕಾಡುಹಂದಿ ಕಾಯಲು ಅಟ್ಟಣಿಗೆ ಹಾಕಿಕೊಂಡವರು, ಕೆರೆ ದಂಡೆಯಲ್ಲಿ ಏಡಿ ಹಿಡಿಯುವವರು, ಹೊಲದಲ್ಲಿ ಕುರಿ ನಿಲ್ಲಿಸಿ ಬೆಂಕಿ ಹಾಕಿಕೊಂಡು ಕುಳಿತ ಕುರಿಗಾಹಿಗಳು. ಗದಗದ ಕಡೆ ಈಗ ಇನ್ನೊಂದು ಸೇರಿದೆ: ಕಪ್ಪತಗುಡ್ಡದ ನೆತ್ತಿಯ ಗಾಳಿಯಂತ್ರಗಳ ಮೇಲೆ ರಾತ್ರಿಯಿಡೀ ಮಿಣುಕುವ ಕೆಂಪು ದೀಪಗಳು. ಮೊದಲ ಸಲ ಕತ್ತಲಲ್ಲಿ ಬಸ್ಸಿನಿಂದ ಅವುಗಳನ್ನು ಕಂಡಾಗ, ಯಂತ್ರಗಳೆಂದು ಗೊತ್ತಿದ್ದೂ, ನನ್ನ ಬೆನ್ನು ಒಮ್ಮೆ ತಣ್ಣಗಾಯಿತು.

ಕೆಲವು ವರ್ಷಗಳ ಹಿಂದೆ ಮುಳಗುಂದದ ಕಡೆಯಿಂದ ರಾತ್ರಿ ಮರಳುವಾಗ ಬೈಕಿನ ಚೈನು ಕಳಚಿತು. ದೂರದಲ್ಲಿ ಒಂದು ಬೆಳಕು ನೆಲಮಟ್ಟದಲ್ಲಿ ನನ್ನ ಕಡೆಗೇ ಬರುತ್ತಿತ್ತು. ವಿಚಾರವಾದಿಯೆಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳುವವನು ನಾನು. ಆ ಹೊತ್ತಿಗೆ ಬಾಯಿಯಲ್ಲಿ ಬಂದದ್ದು ಮನೆದೇವರ ಹೆಸರು. ಬಂದವರು ಅರವತ್ತು ದಾಟಿದ ಒಬ್ಬ ರೈತರು. ‘ಕರೆಂಟು ಹನ್ನೊಂದಕ್ಕೆ ಬರುತ್ತದೆ, ಮಗ ಊರಲ್ಲಿಲ್ಲ, ನಾನೇ ಬಂದೆ’ ಎಂದರು. ಕಾಲಲ್ಲಿ ಹವಾಯಿ ಚಪ್ಪಲಿ. ದೆವ್ವದ ಮಾತೆತ್ತಿದರೆ ನಕ್ಕರು. ಅವರ ಅಂಜಿಕೆ ಏನಿದ್ದರೂ ಕೊಳಕುಮಂಡಲದ ಮೇಲೆ. ಊರಿನಲ್ಲಿ ಕೊಳ್ಳಿದೆವ್ವದ ಮಾತು ಎದ್ದರೆ ಅದನ್ನು ವಿದ್ಯುತ್ತಿನ ಪಾಳಿಯ ಬಗ್ಗೆ ಬಂದ ದೂರು ಎಂದು ಓದಿಕೊಳ್ಳುವುದು ನನಗೆ ಅಂದಿನಿಂದ ರೂಢಿಯಾಗಿದೆ.

ಕಣ್ಣಿಗೆ ಬಿದ್ದದ್ದು ಇಷ್ಟಾದರೆ ಕಿವಿಗೆ ಬಿದ್ದದ್ದು ಇನ್ನೂ ಹೆಚ್ಚು. ಊರ ಹೊರಗೆ ರಾತ್ರಿ ಮಕ್ಕಳು ಅತ್ತಂತೆ ಕೇಳುವ ದನಿ ಬಹಳ ಸಲ ನರಿಗಳದ್ದು. ಒಂದು ಊಳಿಟ್ಟರೆ ನಾಲ್ಕು ದಿಕ್ಕಿನಿಂದ ಉತ್ತರ ಬರುತ್ತದೆ. ಎರಡೇ ನರಿಗಳಿದ್ದರೂ ಇಪ್ಪತ್ತಿದ್ದಂತೆ ಅನಿಸುತ್ತದೆ. ‘ಕತ್ತೆಕಿರುಬ ನಕ್ಕಿತು’ ಎಂದು ಹೇಳುವವರು ಸಿಗುತ್ತಾರೆ. ನಗುವ ಕಿರುಬ ಆಫ್ರಿಕಾದ ಚುಕ್ಕೆ ಕಿರುಬ. ನಮ್ಮದು ಪಟ್ಟೆ ಕಿರುಬ, ಬಹುಮಟ್ಟಿಗೆ ಮೂಕಪ್ರಾಣಿ. ಆ ನಗು ದೂರದರ್ಶನದಿಂದ ಬಂದದ್ದು. ಆದರೆ ನಮ್ಮ ಕಿರುಬಕ್ಕೂ ಸ್ಮಶಾನಕ್ಕೂ ನಂಟು ಕಟ್ಟಿದವರು ಪೂರ್ತಿ ತಪ್ಪಿಲ್ಲ: ಅದು ಸತ್ತದ್ದನ್ನು ತಿಂದು ಬದುಕುವ ಪ್ರಾಣಿ, ಮೂಳೆಗಳನ್ನು ಹೊತ್ತು ಗವಿಗೆ ಒಯ್ಯುತ್ತದೆ. ಮುಂದೆ ಎತ್ತರ ಹಿಂದೆ ತಗ್ಗಾದ ಮೈ, ಬೆನ್ನ ಮೇಲೆ ನಿಲ್ಲುವ ಕೂದಲು. ಕತ್ತಲಲ್ಲಿ ಎದುರಾದರೆ ಹೆಸರು ಹೇಳುವುದು ಕಷ್ಟ. ಕಪ್ಪತಗುಡ್ಡದಲ್ಲಿ ಅದು ಇದೆ. ತೋಳ, ಚಿರತೆ, ಕೊಂಡುಕುರಿಗಳೂ ಇವೆ. ಆ ಗುಡ್ಡ 2015ರಲ್ಲಿ ಸಂರಕ್ಷಿತ ಮೀಸಲು ಪ್ರದೇಶವಾಯಿತು, ಮರುವರ್ಷ ಘೋಷಣೆ ಹಿಂದಕ್ಕೆ ಹೋಯಿತು, ಗದಗದ ಜನ ಬೀದಿಗಿಳಿದ ಮೇಲೆ 2017ರಲ್ಲಿ ಮರಳಿ ಬಂತು, 2019ರಲ್ಲಿ 244 ಚದರ ಕಿಲೋಮೀಟರಿನ ವನ್ಯಜೀವಿಧಾಮವಾಯಿತು. ಗುಡ್ಡದ ಕೆಳಗಿನ ಊರಿನವರು ‘ವಿಚಿತ್ರ ಪ್ರಾಣಿ’ ಎಂದಾಗ ಅವರು ಕಂಡದ್ದು ವಿಚಿತ್ರವೇ ಆಗಿರಬೇಕಿಲ್ಲ, ತಮ್ಮ ತಾತ ದಿನವೂ ಕಾಣುತ್ತಿದ್ದ ಪ್ರಾಣಿಯೇ ಆಗಿರಬಹುದು. ಮೊಮ್ಮಗ ಅದನ್ನು ಕಂಡಿಲ್ಲ, ಅಷ್ಟೇ. ಹುರುಕು ಹತ್ತಿ ಮೈಕೂದಲೆಲ್ಲ ಉದುರಿದ ನರಿಯನ್ನು ಕಂಡರಂತೂ ಅರಣ್ಯ ರಕ್ಷಕನೂ ಒಂದು ಕ್ಷಣ ತಡವರಿಸುತ್ತಾನೆ.

ಹಳೆಯ ವಾಡೆಗಳ, ಗುಡಿಗಳ, ಮುಚ್ಚಿದ ಗಿರಣಿಗಳ ದೆವ್ವ ಹೆಚ್ಚಾಗಿ ಕಣಜ ಗೂಬೆ. ಬಿಳಿ ಮುಖ, ಸದ್ದಿಲ್ಲದ ಹಾರಾಟ, ಬಟ್ಟೆ ಹರಿದಂಥ ಕಿರುಚು; ಮರಿಗಳ ಬುಸುಗುಡುವಿಕೆ ಬೇರೆ. 2017ರಲ್ಲಿ ವಿಶಾಖಪಟ್ಟಣದ ಒಂದು ಕಟ್ಟಡದಲ್ಲಿ ಸಿಕ್ಕ ಇದರ ಮರಿಗಳನ್ನು ಅನ್ಯಗ್ರಹ ಜೀವಿಗಳೆಂದು ದೇಶವೇ ಮೊಬೈಲಿನಲ್ಲಿ ನೋಡಿತ್ತು. ಇದರ ಚಿಕ್ಕ ನೆಂಟ ಹಾಲಕ್ಕಿಗೆ ಮಾತ್ರ ನಮ್ಮಲ್ಲಿ ಬೇರೆಯೇ ಮರ್ಯಾದೆ. ಬುಡಬುಡಿಕೆಯವರು ಅದರ ನುಡಿ ಕೇಳಿಯೇ ಬೆಳಗಿನ ಜಾವ ಭವಿಷ್ಯ ಹೇಳಲು ಬರುತ್ತಾರೆ. ಒಂದೇ ಕುಲದ ಎರಡು ಹಕ್ಕಿ, ಒಂದು ಶಕುನ, ಒಂದು ಅಪಶಕುನ. ಇನ್ನು ಚಳಿಗಾಲದಲ್ಲಿ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಹಿಮಾಲಯದಾಚೆಯಿಂದ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ಮಹತ್ವದ ಜೌಗುನೆಲಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು. ಕತ್ತಲಲ್ಲಿ ತಲೆಯ ಮೇಲೆ ಅವು ಕೂಗುತ್ತ ಹಾದುಹೋಗುವುದನ್ನು ಗೊತ್ತಿಲ್ಲದವರು ಕೇಳಿದರೆ ಆಕಾಶದಲ್ಲಿ ದಿಬ್ಬಣ ಹೊರಟಿತೆಂದೇ ಹೇಳಿಯಾರು. ಬಂಕಾಪುರದ ಕೋಟೆಯಲ್ಲಿ ನವಿಲುಗಳ ಧಾಮವಿದೆ. ಮಳೆಗಾಲದ ರಾತ್ರಿ ನವಿಲಿನ ಕೂಗು ಹೆಂಗಸೊಬ್ಬಳು ಯಾರನ್ನೋ ಕರೆದಂತಿರುತ್ತದೆ. ಇದು ಹಾವೇರಿ ಜಿಲ್ಲೆಯ ಬಂಕಾಪುರ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿರುವುದು ತೋಳಗಳ ಧಾಮ. ಸುದ್ದಿ ಊರು ದಾಟುವಾಗ ಮೊದಲು ಉದುರುವುದು ಜಿಲ್ಲೆಯ ಹೆಸರು. ನವಿಲಿನ ಬಂಕಾಪುರಕ್ಕೆ ತೋಳ ಬರಲು ಒಂದು ಫಾರ್ವರ್ಡ್ ಸಾಕು.

ಚಿರತೆ ಮಾತ್ರ ಬೇರೆ ಮಾತು. ಅದು ನಿಜವಾಗಿಯೂ ಬರುತ್ತದೆ. ಧಾರವಾಡ ಜಿಲ್ಲೆಯ ಕಲಘಟಗಿ, ಅಳ್ನಾವರದ ಕಡೆ ಕಾಡು ಪಶ್ಚಿಮಘಟ್ಟಕ್ಕೆ ಕೂಡಿಕೊಂಡಿದೆ. ಪೂರ್ವಕ್ಕೆ ಕಬ್ಬು, ಗೋವಿನಜೋಳ, ಕಲ್ಲು ತೆಗೆದು ಬಿಟ್ಟ ಕ್ವಾರಿಗಳು. ಆಳೆತ್ತರ ಬೆಳೆದ ಕಬ್ಬು ಚಿರತೆಗೆ ಕಾಡೇ. ಊರ ಅಂಚಿನಲ್ಲಿ ಕಸ, ಕಸಕ್ಕೆ ನಾಯಿ, ನಾಯಿಗೆ ಚಿರತೆ: ಇದರಲ್ಲಿ ರಹಸ್ಯವೇನಿಲ್ಲ. 2022ರ ಅಂದಾಜಿನಂತೆ ರಾಜ್ಯದಲ್ಲಿ 1,879 ಚಿರತೆಗಳಿವೆ. 2018ರಲ್ಲಿ ಈ ಸಂಖ್ಯೆ 1,783 ಇತ್ತು. ಈ ಲೆಕ್ಕ ಮುಖ್ಯವಾಗಿ ಹುಲಿ ಇರುವ ಕಾಡುಗಳದ್ದು. ಕಬ್ಬಿನ ಗದ್ದೆಯಲ್ಲಿ, ಕಲ್ಲುಗುಡ್ಡದಲ್ಲಿ ಹುಟ್ಟಿ ಬೆಳೆದ ಚಿರತೆಗಳು ಅದರಲ್ಲಿ ಸರಿಯಾಗಿ ಬಂದಿಲ್ಲ. ಗದಗ, ಹಾವೇರಿಯ ಬಯಲಿನಲ್ಲಿ ಕಂಡೆ ಎಂದವನನ್ನು ‘ಇಲ್ಲಿ ಚಿರತೆ ಎಲ್ಲಿಂದ ಬರಬೇಕು’ ಎಂದು ಗದರುವವರು ಇದನ್ನು ನೆನಪಿಡುವುದು ಲೇಸು.

ಹಾಗೆಂದು ಕಂಡ ಚಿರತೆಯನ್ನೆಲ್ಲ ಹಿಡಿದು ಬೇರೆ ಕಾಡಿಗೆ ಬಿಡುವುದೂ ಸರಿಯಾದ ದಾರಿಯಲ್ಲ. ಮಹಾರಾಷ್ಟ್ರದ ಜುನ್ನರ್ ಸುತ್ತ 2001ರಿಂದ ಹೀಗೆ ಹಿಡಿದು ಬಿಟ್ಟ ಮೇಲೆ ಜನರ ಮೇಲಿನ ದಾಳಿಗಳು ಹೆಚ್ಚಾದವು ಎಂಬುದನ್ನು ವಿದ್ಯಾ ಅತ್ರೇಯ ಮತ್ತು ಸಂಗಡಿಗರ ಅಧ್ಯಯನ ತೋರಿಸಿತು. ನೆಲೆ ತಪ್ಪಿದ ಪ್ರಾಣಿ ಗೊತ್ತಿಲ್ಲದ ಊರುಗಳ ನಡುವೆ ದಾರಿ ಹುಡುಕುತ್ತದೆ. ‘ಹಿಡಿಯಿರಿ’ ಎಂದು ಕಚೇರಿಯ ಮುಂದೆ ಕೂಗುವವರಿಗೆ ಇದನ್ನು ತಿಳಿಸಿ ಹೇಳುವುದು ಸುಲಭವಲ್ಲ. 2022ರ ಆಗಸ್ಟ್‌ನಲ್ಲಿ ಬೆಳಗಾವಿಯ ಗಾಲ್ಫ್ ಮೈದಾನದಲ್ಲಿ ಕಂಡ ಚಿರತೆಗಾಗಿ ಶಿವಮೊಗ್ಗದ ಸಕ್ರೆಬೈಲಿನಿಂದ ಆನೆಗಳನ್ನೇ ತರಿಸಿದರು, ವಾರಗಟ್ಟಲೆ ಹುಡುಕಿದರು, ಅದು ಸಿಗಲಿಲ್ಲ. ಬೋನಿಗೆ ಬಿದ್ದ ಚಿರತೆ ಪ್ರಾಣಿಯಾಗಿ ಉಳಿಯುತ್ತದೆ. ಬೀಳದ ಚಿರತೆ ಜನರ ಬಾಯಲ್ಲಿ ನಿಧಾನವಾಗಿ ದೆವ್ವವಾಗುತ್ತದೆ: ಗಾತ್ರ ಬೆಳೆಯುತ್ತದೆ, ಒಂದೇ ರಾತ್ರಿ ಎರಡು ಕಡೆ ಕಾಣುತ್ತದೆ, ಕ್ಯಾಮೆರಾಕ್ಕೆ ಸಿಗದ ವಿದ್ಯೆ ಕಲಿಯುತ್ತದೆ.

ಈ ಬೆಳವಣಿಗೆಗೆ ಮೊದಲೂ ವಾಹನಗಳಿದ್ದವು. 1990ರ ದಶಕದಲ್ಲಿ ರಾತ್ರಿ ಬಾಗಿಲು ಬಡಿಯುವ ದೆವ್ವಕ್ಕೆ ‘ನಾಳೆ ಬಾ’ ಎಂದು ರಾಜ್ಯದ ಎಷ್ಟೋ ಊರುಗಳಲ್ಲಿ ಬಾಗಿಲ ಮೇಲೆ ಬರೆದರು. ಆಗ ಮೊಬೈಲ್ ಎಲ್ಲಿತ್ತು? ಬಸ್ಸು, ಸಂತೆ, ಮದುವೆ ಮನೆ ಸಾಕಾಗಿತ್ತು. ದೆವ್ವಕ್ಕೆ ಕನ್ನಡ ಓದಲು ಬರುತ್ತದೆ, ಮೇಲಾಗಿ ಅದು ಹೇಳಿದ ಮಾತು ಕೇಳುತ್ತದೆ ಎಂಬ ಆ ನಂಬಿಕೆಯಲ್ಲಿ ಒಂದು ಮುಗ್ಧತೆ ಇತ್ತು; ಯಾರಿಗೂ ಪೆಟ್ಟಾಗಲಿಲ್ಲ. 2018ರಲ್ಲಿ ಬಂದದ್ದು ಅಂಥದ್ದಲ್ಲ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ವಾಟ್ಸ್‌ಆ್ಯಪ್ ಸುದ್ದಿ ಬೆಂಗಳೂರಿನಲ್ಲಿ, ಬೀದರ್ ಜಿಲ್ಲೆಯಲ್ಲಿ ಮನುಷ್ಯರ ಜೀವ ತೆಗೆಯಿತು. ಅದೇ ವರ್ಷ ಜುಲೈನಲ್ಲಿ ಭಾರತದಲ್ಲಿ ಒಮ್ಮೆಗೆ ಐದೇ ಕಡೆ ಸಂದೇಶ ದಾಟಿಸಬಹುದೆಂಬ ಮಿತಿ ಬಂತು. ಐದು ಕಡೆ ಎಂದರೆ ಐದು ಗುಂಪು. ಒಂದೊಂದರಲ್ಲಿ ಇನ್ನೂರು ಜನ. ಅಂಜುವವರ ಮೇಲೆ ಕಪ್ಪೆ ಎಸೆಯಲು ಅಷ್ಟು ಸಾಲದೇ?

ಮೊಬೈಲ್ ಇನ್ನೂ ಒಂದು ಕೆಲಸ ಮಾಡಿದೆ. ಕತ್ತಲಲ್ಲಿ ಪಕ್ಕಕ್ಕೆ ಮರ, ಕಂಬ, ಮನೆ ಏನೂ ಇಲ್ಲದಿದ್ದರೆ ದೂರದ ದೊಡ್ಡದಕ್ಕೂ ಹತ್ತಿರದ ಚಿಕ್ಕದಕ್ಕೂ ಕಣ್ಣು ವ್ಯತ್ಯಾಸ ಹೇಳಲಾರದು. ಹತ್ತು ಹೆಜ್ಜೆಯಾಚೆಯ ಬೆಕ್ಕು ಐವತ್ತು ಹೆಜ್ಜೆಯಾಚೆಯ ಚಿರತೆಯಾಗುತ್ತದೆ. ಟಾರ್ಚಿಗೆ ಹೊಳೆಯುವ ಎರಡು ಕಣ್ಣು ನಾಯಿ, ಬೆಕ್ಕು, ಆಕಳು, ಯಾವುದರದ್ದೂ ಆಗಬಹುದು, ಅವುಗಳ ಕಣ್ಣಿನ ಹಿಂಬದಿಯ ಪದರ ಬೆಳಕನ್ನು ಮರಳಿಸುತ್ತದೆ. ಇದನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಡಿದು, ನಾಲ್ಕು ಗುಂಪು ದಾಟಿಸಿ ಮಸುಕಾಗಿಸಿದ ಮೇಲೆ ಅದು ಏನು ಬೇಕಾದರೂ ಆಗಲು ತಯಾರು. ಈಚೆಗೆ ಆ ಮಸುಕಿನ ತೊಂದರೆಯನ್ನೂ ಕೃತಕ ಬುದ್ಧಿಮತ್ತೆ ತಪ್ಪಿಸಿದೆ. ಚಿರತೆ ನಮ್ಮ ಓಣಿಯ ಕಟ್ಟೆಯ ಮೇಲೆ ಹಗಲಿನಲ್ಲಿ, ನೆರಳು ಸಮೇತ ಕುಳಿತ ಚಿತ್ರವನ್ನು ಹುಡುಗನೊಬ್ಬ ಊಟ ಮುಗಿಸುವಷ್ಟರಲ್ಲಿ ಮಾಡಿಕೊಡುತ್ತಾನೆ. ಅತಿ ಸ್ಪಷ್ಟವಾದ ಚಿತ್ರ ಕಂಡರೆ ಈಗ ನನಗೆ ಮೊದಲು ಸಂಶಯ ಬರುತ್ತದೆ. ನಿಜವಾದ ಚಿರತೆ ಅಷ್ಟು ಸಹಕರಿಸುವುದಿಲ್ಲ.

ನೆಲ ಮಾತ್ರ ಸುಳ್ಳು ಹೇಳುವುದಿಲ್ಲ. ಚಿರತೆ ನಡೆಯುವಾಗ ಉಗುರು ಒಳಗೆಳೆದುಕೊಳ್ಳುತ್ತದೆ. ನಾಯಿ, ತೋಳ, ಕಿರುಬದ ಹೆಜ್ಜೆಯಲ್ಲಿ ಉಗುರಿನ ಗುರುತು ಮೂಡುತ್ತದೆ. ಹೆಜ್ಜೆ ಕಂಡ ಕೂಡಲೇ ಅದರ ಮೇಲೆ ಒಂದು ಬುಟ್ಟಿ ಬೋರಲು ಹಾಕಿ, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಕರೆ ಮಾಡಿದರೆ ಅರ್ಧ ಕೆಲಸವಾದಂತೆ. ಆಗುವುದು ಬೇರೆ. ನೂರು ಜನ ನೋಡಲು ಬಂದು, ನೂರು ಜೋಡಿ ಚಪ್ಪಲಿಗಳು ಅದರ ಮೇಲೆ ಓಡಾಡಿ, ಸಿಬ್ಬಂದಿ ಬರುವ ಹೊತ್ತಿಗೆ ಉಳಿಯುವುದು ಬಾಯಿಮಾತು.

ರಸ್ತೆಯ ದೆವ್ವಗಳ ಬಗ್ಗೆ ನನಗೆ ಸಿಟ್ಟಿದೆ. ಬಿಳಿ ಸೀರೆಯ ಹೆಂಗಸು ಕೈ ಅಡ್ಡ ಹಿಡಿದಳು, ಚಾಲಕ ಬ್ರೇಕ್ ಹಾಕಿದ, ಗಾಡಿ ಉರುಳಿತು ಎಂಬ ಕಥೆಯನ್ನು ಹುಬ್ಬಳ್ಳಿ-ಧಾರವಾಡ ಬೈಪಾಸಿನ ಬಗ್ಗೆ ಢಾಬಾಗಳಲ್ಲಿ ಕೇಳಿದ್ದೇನೆ. ಪುಣೆ-ಬೆಂಗಳೂರು ಹೆದ್ದಾರಿ ಎರಡೂ ಕಡೆ ಅಗಲವಾಗಿ ಬಂದು ಈ ಬೈಪಾಸಿನಲ್ಲಿ ಮಾತ್ರ ಎರಡು ಪಥಕ್ಕೆ ಇಕ್ಕಟ್ಟಾಗುತ್ತಿತ್ತು. 2021ರ ಜನವರಿ 15ರ ಬೆಳಿಗ್ಗೆ ಇಟಿಗಟ್ಟಿಯ ಬಳಿ ದಾವಣಗೆರೆಯಿಂದ ಗೋವಾಕ್ಕೆ ಹೊರಟ ಗೆಳತಿಯರಿದ್ದ ಟೆಂಪೊ ಟಿಪ್ಪರಿಗೆ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಸತ್ತರು. ಅಗಲೀಕರಣದ ಕೆಲಸ ಕೈಗೆತ್ತಿಕೊಂಡದ್ದು ಆಮೇಲೆ. ಸರ್ಕಾರದ ಲೆಕ್ಕದಲ್ಲಿ ‘ಅಪಘಾತ ವಲಯ’ಕ್ಕೆ ಸ್ಪಷ್ಟ ಅಳತೆಯಿದೆ: ಸುಮಾರು 500 ಮೀಟರ್ ರಸ್ತೆಯಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ 5 ಅಪಘಾತ, ಇಲ್ಲವೇ 10 ಸಾವು. ಜನರ ಲೆಕ್ಕದಲ್ಲಿ ಅದೇ ಜಾಗಕ್ಕೆ ‘ಆ ತಿರುವು ಬಲಿ ಕೇಳುತ್ತದೆ’ ಎಂದು ಹೆಸರು. ಎರಡು ನಕ್ಷೆಗಳನ್ನು ಒಂದರ ಮೇಲೊಂದು ಇಟ್ಟರೆ ಹೆಚ್ಚು ವ್ಯತ್ಯಾಸ ಬರಲಿಕ್ಕಿಲ್ಲ. ಆದರೆ ಬಿಳಿ ಸೀರೆಯವಳ ತಲೆಗೆ ಕಟ್ಟಿದ ಕೂಡಲೇ ಗುತ್ತಿಗೆದಾರನೂ ಎಂಜಿನಿಯರನೂ ಕಥೆಯಿಂದ ಮಾಯವಾಗುತ್ತಾರೆ. ತಿರುವಿನಲ್ಲಿ ನಿಂಬೆಹಣ್ಣು ಬೀಳುತ್ತದೆ, ದೀಪದ ಕಂಬ ಬೀಳುವುದಿಲ್ಲ.

ಮನೆಯೊಳಗಿನ ದೆವ್ವ ಇದಕ್ಕಿಂತ ಕ್ರೂರಿ. ನಿದ್ದೆಯಲ್ಲಿ ಎದೆಯ ಮೇಲೆ ಯಾರೋ ಕುಳಿತಂತಾಗಿ ಕೈಕಾಲು ಆಡದಿರುವುದು ಬಹಳ ಜನರಿಗೆ ಆಗುವ ಅನುಭವ. ಕನಸಿನ ಹೊತ್ತಿನಲ್ಲಿ ಮೈಯ ಸ್ನಾಯುಗಳು ಸಡಿಲವಾಗಿರುತ್ತವೆ, ಎಚ್ಚರ ಒಂದು ಗಳಿಗೆ ಮುಂಚೆ ಬಂದುಬಿಡುತ್ತದೆ. ಇದನ್ನು ಹೇಳಿಕೊಂಡವರು ಮನೆಯ ಯಜಮಾನರಾದರೆ ‘ಪಿತ್ತ ಹೆಚ್ಚಾಗಿದೆ’, ಹೊಸದಾಗಿ ಬಂದ ಸೊಸೆಯಾದರೆ ‘ಹಿಡಿದುಕೊಂಡಿದೆ’. ದೆವ್ವ ಬಿಡಿಸುವ ಹೆಸರಿನಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಹಾವು ಕಚ್ಚಿದವರಿಗೆ ಚಿಕಿತ್ಸೆ ತಪ್ಪಿಸಿ ಮಂತ್ರ ಹಾಕುವುದು ರಾಜ್ಯದ 2017ರ ಮೌಢ್ಯ ತಡೆ ಕಾಯ್ದೆಯಂತೆ ಅಪರಾಧ. 2020ರಲ್ಲಿ ಅದು ಜಾರಿಗೆ ಬಂತು. ಧಾರವಾಡದಲ್ಲಿ 1845ರಿಂದ ಮಾನಸಿಕ ಆಸ್ಪತ್ರೆಯಿದೆ, ಈಗ ಅದು ಡಿಮ್ಹಾನ್ಸ್. ನಮ್ಮ ದುರ್ದೈವಕ್ಕೆ ‘ಅವನನ್ನು ಧಾರವಾಡಕ್ಕೆ ಕಳಿಸಬೇಕು’ ಎಂಬುದು ಈ ಸೀಮೆಯಲ್ಲಿ ಬೈಗುಳವಾಯಿತು; ಆ ನಾಚಿಕೆಗೆ ಅಂಜಿ ಎಷ್ಟೋ ಮನೆಯವರು ಆಸ್ಪತ್ರೆಯ ಗೇಟಿಗಿಂತ ಮೊದಲು ಮಂತ್ರವಾದಿಯ ಅಂಗಳ ಹುಡುಕಿದರು. ಬೆಳಗಾವಿಯ ಸದಾಶಿವನಗರ ಸ್ಮಶಾನದಲ್ಲಿ ಡಿಸೆಂಬರ್ 6ರ ರಾತ್ರಿ ರಾಜಕಾರಣಿ ಸತೀಶ್ ಜಾರಕಿಹೊಳಿ ದೆವ್ವದ ಅಂಜಿಕೆ ಬಿಡಿಸಲೆಂದು ಜನರೊಂದಿಗೆ ಉಂಡು ಮಲಗುವುದನ್ನು ಕೆಲವರು ಪ್ರಚಾರ ಎನ್ನುತ್ತಾರೆ. ಇರಬಹುದು. ಮಂತ್ರವಾದಿಯೂ ಪ್ರಚಾರದಿಂದಲೇ ಬದುಕುವವನು.

ಪ್ರಾಣಿಗಳಿಗೂ ಈ ಕಥೆಗಳ ಬೆಲೆ ತೆರಬೇಕಾಗಿದೆ. ಎರಡು ತಲೆ ಹಾವೆಂದು ಮಾರಾಟವಾಗುವ ಮಣ್ಣುಮುಕ್ಕ ಹಾವಿಗೆ ಇರುವುದು ಒಂದೇ ತಲೆ, ಮೊಂಡು ಬಾಲ ತಲೆಯಂತೆ ಕಾಣುತ್ತದೆ, ಅಷ್ಟೇ. ನಿಧಿ ತೋರಿಸುತ್ತದೆ ಎಂದು ಅದಕ್ಕೆ ಲಕ್ಷಗಟ್ಟಲೆ ಬೆಲೆ ಕಟ್ಟುವವರಿದ್ದಾರೆ. ಹೊಲದಲ್ಲಿ ಇಲಿ ತಿಂದು ರೈತನ ಕೆಲಸ ಮಾಡುವ ಪ್ರಾಣಿ ಚೀಲದಲ್ಲಿ ಉಸಿರು ಕಟ್ಟಿ ಸಾಯುತ್ತದೆ.

ಇಲ್ಲಿಯವರೆಗೆ ಹೇಳಿದ್ದು ಇಲ್ಲದ್ದನ್ನು ಕಂಡವರ ಮಾತು. ಇದ್ದದ್ದು ಇಲ್ಲವಾದ ಕಥೆಯೊಂದು ರಾಣೆಬೆನ್ನೂರಿನಲ್ಲಿದೆ. 1974ರಲ್ಲಿ ಅಲ್ಲಿ 119 ಚದರ ಕಿಲೋಮೀಟರಿನ ಕೃಷ್ಣಮೃಗಗಳ ಅಭಯಾರಣ್ಯವಾಯಿತು. ಆ ಬಯಲಿನಲ್ಲಿ ಆಗ ಇನ್ನೊಂದು ಜೀವಿಯೂ ಇತ್ತು: ಮೂರು ಅಡಿ ಎತ್ತರದ, ಹತ್ತು ಹದಿನೈದು ಕಿಲೋ ತೂಗುವ, ಹಾರುವುದಕ್ಕಿಂತ ನಡೆಯುವುದನ್ನೇ ಇಷ್ಟಪಡುವ ದೊಡ್ಡ ಹಕ್ಕಿ. ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್; ಕನ್ನಡದಲ್ಲಿ ಅದಕ್ಕೆ ಎರ್ಲಡ್ಡು, ದೊರವಾಯನ ಹಕ್ಕಿ ಎಂಬ ಹೆಸರುಗಳಿವೆ. ಎರೆಭೂತ ಎಂದೂ ಕರೆದರು. ಗಂಡು ಹಕ್ಕಿ ಗಂಟಲ ಚೀಲ ಉಬ್ಬಿಸಿ ಹೂಂಕರಿಸಿದರೆ ಬಹುದೂರ ಕೇಳುತ್ತದೆ. ಮಬ್ಬುಬೆಳಕಿನಲ್ಲಿ ಎರೆಹೊಲದ ನಡುವೆ ನೆಟ್ಟಗೆ ನಿಂತು ಅದು ಗುಮ್ಮೆಂದಾಗ ಯಾರೋ ರೈತ ಇಟ್ಟ ಹೆಸರಿರಬೇಕು ಅದು. ಹೆದರಿ ಇಟ್ಟನೋ ಅಕ್ಕರೆಯಿಂದ ಇಟ್ಟನೋ ನಾನು ಹೇಳಲಾರೆ. ಹುಲ್ಲುಗಾವಲನ್ನು ಪಾಳುಭೂಮಿ ಎಂದು ಬಗೆದು ನೀಲಗಿರಿ ನೆಟ್ಟರು, ಉಳಿದದ್ದು ಉಳುಮೆಗೆ ಹೋಯಿತು. ದೇಶದಲ್ಲೇ ಈ ಹಕ್ಕಿ ಈಗ ನೂರೈವತ್ತರ ಒಳಗಿದೆ, ಹೆಚ್ಚಿನವು ಜೈಸಲ್ಮೇರ್ ಕಡೆ. ಕರ್ನಾಟಕದಲ್ಲಿ ಬಳ್ಳಾರಿಯ ಸಿರುಗುಪ್ಪದ ಹೊಲಗಳಲ್ಲಿ ಬೆರಳೆಣಿಕೆಯಷ್ಟು. ರಾಣೆಬೆನ್ನೂರಿನ ಹೊಲದಲ್ಲಿ ನಿನ್ನೆ ಸಂಜೆ ಎರೆಭೂತ ಕಂಡೆ ಎಂದು ಯಾರಾದರೂ ಈಗ ಹೇಳಿದರೆ, ಕೇಳಿದವರು ಮೊದಲು ಯಾವ ದೇವಸ್ಥಾನಕ್ಕೆ ಕರೆದುಕೊಂಡು ಹೋಗಬೇಕು ಎಂದು ಯೋಚಿಸುತ್ತಾರೆ.